ಶೇಕ್ಸ್‌ಪಿಯರ್ ಎಂಬ ಅಡ್ಡಹೆಸರು

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳತೊಡಗಿದ ಮೊದಲ ವರ್ಷದ ಮಾತು. ‘ಮ್ಯಾಕ್‌ಬೆತ್’ ನಾಟಕವನ್ನು ಆರಂಭಿಸುವ ಮುನ್ನ, ವಾಡಿಕೆಯಂತೆ, ಕವಿಯ ಊರು, ಕಾಲ, ಕೃತಿಗಳನ್ನು ಹೇಳಿ ಮುಗಿಸಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದುನಿಂತು, “ಸರ್, ಶೇಕ್ಸ್‌ಪಿಯರ್ ಅಂದರ ಅರ್ಥ ಏನ್ರಿ?” ಎಂದು ಕೇಳಿದ. ತರಗತಿಗೆ ತರಗತಿಯೇ ನಕ್ಕಿತು. ನಾನೂ ನಕ್ಕೆ. “ಹೆಸರಿಗೆ ಅರ್ಥ ಏನಪ್ಪಾ, ಅದೊಂದು ಹೆಸರು, ಅಷ್ಟೆ, ಕೂತುಕೋ” ಎಂದೆ. ಹುಡುಗ ಕುಳಿತ.

ಆ ಹುಡುಗನ ಮನೆತನದ ಹೆಸರು ಉಳ್ಳಾಗಡ್ಡಿ. ದಿನವೂ ಬೆಳಿಗ್ಗೆ ಹಾಜರಿ ಕರೆಯುವಾಗ ಆ ಹೆಸರಿಗೆ ಬಂದ ಕೂಡಲೇ ಎಲ್ಲಿಂದಲೋ ಒಂದು ಕಿಸಕ್ಕನೆ ನಗೆ ಕೇಳಿಬರುತ್ತಿತ್ತು. ನಾನು ಅದನ್ನು ಗದರಿಸಿದವನಲ್ಲ. ಒಂದೆರಡು ಸಲ ನನ್ನ ತುಟಿಯೂ ಅರಳಿದ್ದುಂಟು. ತನ್ನ ಹೆಸರಿನ ಅರ್ಥಕ್ಕಾಗಿ ದಿನವೂ ನಗೆಪಾಟಲಿಗೆ ಗುರಿಯಾಗುತ್ತಿದ್ದ ಹುಡುಗ, ಜಗತ್ತೆಲ್ಲ ಕೈಮುಗಿಯುವ ಹೆಸರಿಗೂ ಒಂದು ಅರ್ಥ ಇದ್ದೀತೇ ಎಂದು ಕೇಳಿದ್ದ. ಇದು ನನಗೆ ಹೊಳೆಯುವಷ್ಟರಲ್ಲಿ ವರ್ಷ ಕಳೆದಿತ್ತು. ಪರೀಕ್ಷೆಗೆ ಮೊದಲು ಅವನು ಒಂದು ಕಾಗದ ತಂದು ನನ್ನ ಸಹಿ ಕೇಳಿದ. ಮನೆತನದ ಹೆಸರನ್ನು ಬಿಟ್ಟು ಬರೀ ತಂದೆಯ ಹೆಸರಿನ ಮೊದಲಕ್ಷರವನ್ನು ಇಟ್ಟುಕೊಳ್ಳುವುದಕ್ಕಾಗಿ ಬರೆದ ಅರ್ಜಿ ಅದು. ನಾನು ಓದಿ, ಏನೂ ಹೇಳದೆ, ಸಹಿ ಹಾಕಿದೆ. ಅವನ ಪ್ರಶ್ನೆಗೆ ಅಂದು ಕೊಡದ ಉತ್ತರವನ್ನು ಇಂದು ಕೊಡಬೇಕೆಂದು ಈ ಭಾಷಣ.

ಮೊದಲಿಗೆ ಇಂಗ್ಲೆಂಡಿನ ಮನೆತನದ ಹೆಸರುಗಳ ವಿಚಾರ. ಅಲ್ಲಿಯೂ ಅವು ಅನಾದಿಯಿಂದ ಬಂದವಲ್ಲ. 1066ರಲ್ಲಿ ನಾರ್ಮನ್ನರು ಆ ದೇಶವನ್ನು ಗೆದ್ದುಕೊಳ್ಳುವವರೆಗೆ ಸಾಮಾನ್ಯರಿಗೆ ಒಂದೇ ಹೆಸರು. ಅನಂತರದ ಮುನ್ನೂರು ವರ್ಷಗಳಲ್ಲಿ ವಿಲಿಯಂ, ಜಾನ್, ರಿಚರ್ಡ್ ಮುಂತಾದ ಕೆಲವೇ ಹೆಸರುಗಳು ಊರೂರಿನಲ್ಲಿ ತುಂಬಿಹೋದವು. ಒಂದೇ ಹಳ್ಳಿಯಲ್ಲಿ ಹತ್ತು ಮಂದಿ ಜಾನ್ ಇದ್ದರೆ ಕಂದಾಯ ಕೊಟ್ಟ ಜಾನ್ ಯಾರು, ಕೊಡದ ಜಾನ್ ಯಾರು? ಹೀಗಾಗಿ ಹೆಸರಿನ ಬೆನ್ನಿಗೆ ಒಂದು ಗುರುತು ಅಂಟಿತು. ಆ ಗುರುತು ತಂದೆಯಿಂದ ಮಗನಿಗೆ ಇಳಿದು ಮನೆತನದ ಹೆಸರಾಯಿತು. ಪಂಡಿತರು ಈ ಹೆಸರುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಊರಿನಿಂದಲೋ ಸ್ಥಳದಿಂದಲೋ ಬಂದವು, ತಂದೆಯ ಹೆಸರಿನಿಂದ ಬಂದವು, ಕಸುಬಿನಿಂದ ಬಂದವು, ನೆರೆಹೊರೆಯವರು ಇಟ್ಟ ಅಡ್ಡಹೆಸರಿನಿಂದ ಬಂದವು. ಕಮ್ಮಾರನ ಮಕ್ಕಳು ಸ್ಮಿತ್ ಆದರು, ಜಾನನ ಮಕ್ಕಳು ಜಾನ್ಸನ್ ಆದರು. ಇವು ನೂರಾರು ಊರುಗಳಲ್ಲಿ ಬೇರೆಬೇರೆಯಾಗಿ ಹುಟ್ಟಿದ್ದರಿಂದ ಲಕ್ಷಗಟ್ಟಲೆ ಜನರ ಹೆಸರಾದವು. ಆದರೆ ಅಡ್ಡಹೆಸರು ಯಾರೋ ಒಬ್ಬ ವ್ಯಕ್ತಿಯ ಯಾವುದೋ ಒಂದು ನಡತೆಯನ್ನು ನೋಡಿ ಹುಟ್ಟುವಂಥದು. ಆದಕಾರಣ ಅಂಥ ಹೆಸರುಗಳಲ್ಲಿ ಬಹಳಷ್ಟು ಒಂದು ಸೀಮೆಗೆ, ಕೆಲವು ಕುಟುಂಬಗಳಿಗೆ ಮಾತ್ರ ಸೀಮಿತವಾಗಿ ಉಳಿದವು.

ಶೇಕ್ಸ್‌ಪಿಯರ್ ಎಂಬುದು ಈ ನಾಲ್ಕನೆಯ ಬಗೆಯದು. ಅದರಲ್ಲಿಯೂ ಒಂದು ವಿಶೇಷ ಒಳಜಾತಿಯದು. ಒಂದು ಕ್ರಿಯಾಪದ, ಅದರ ಬೆನ್ನಿಗೊಂದು ಕರ್ಮಪದ, ಇವೆರಡನ್ನೂ ಸೇರಿಸಿ ಇಡೀ ಒಂದು ವಾಕ್ಯವನ್ನೇ ಮನುಷ್ಯನ ಹೆಸರಾಗಿ ಮಾಡುವ ರೂಢಿ ಇದು. ಫ್ರೆಂಚರಲ್ಲಿ ಇದು ಹೇರಳವಾಗಿತ್ತು. ನಾರ್ಮನ್ನರ ಜೊತೆಯಲ್ಲಿ ಇಂಗ್ಲೆಂಡಿಗೂ ಬಂದು ಅಲ್ಲಿನ ಮಾತಿನಲ್ಲಿ ಬೇರೂರಿತು. ‘ಡ್ರಿಂಕ್‌ವಾಟರ್’ ಎಂದರೆ ‘ನೀರು ಕುಡಿ’. ಬಹುಶಃ ಹೆಂಡಕ್ಕೆ ಕಾಸಿಲ್ಲದವನನ್ನೋ, ಇಲ್ಲವೆ ಹೆಂಡದಲ್ಲಿಯೇ ಮುಳುಗಿದವನನ್ನು ವ್ಯಂಗ್ಯವಾಗಿಯೋ ಹೀಗೆ ಕರೆದಿರಬೇಕು. ಫ್ರೆಂಚ್ ವಿಮರ್ಶಕ ಬ್ವಾಲೋನ ಹೆಸರಿಗೂ ಇದೇ ಅರ್ಥ. ಇಟಲಿಯ ಬೆವಿಲಾಕ್ವಾ ಎಂಬುದಕ್ಕೂ ಇದೇ. ಬರ್ನಾರ್ಡ್ ಷಾನ ‘ಪಿಗ್ಮೇಲಿಯನ್’ ನಾಟಕದ ಡೂಲಿಟ್ಲ್ ಎಂಬ ಹೆಸರಿನಲ್ಲಿ ‘ಅಷ್ಟಕ್ಕಷ್ಟೇ ದುಡಿ’ ಎಂಬ ಕುಚೋದ್ಯವಿದೆ. ‘ವ್ಯಾಗ್‌ಸ್ಟಾಫ್’ ಎಂದರೆ ಕೋಲು ಬೀಸುವವ. ‘ಮೇಕ್‌ಪೀಸ್’ ಎಂದರೆ ರಾಜಿ ಮಾಡಿಸುವವ. ‘ಬ್ರೇಕ್‌ಸ್ಪಿಯರ್’ ಎಂದರೆ ಈಟಿ ಮುರಿಯುವವ. ಈ ಕೊನೆಯ ಹೆಸರಿನ ನಿಕೊಲಸ್ ಬ್ರೇಕ್‌ಸ್ಪಿಯರ್ ಎಂಬಾತ 1154ರಲ್ಲಿ ನಾಲ್ಕನೆಯ ಏಡ್ರಿಯನ್ ಎಂಬ ಬಿರುದಿನಿಂದ ಪೋಪ್ ಪದವಿಗೇರಿದ. ಆ ಪೀಠವನ್ನು ಏರಿದ ಇಂಗ್ಲಿಷಿನವನು ಅವನೊಬ್ಬನೇ.

ಈಟಿ ಮುರಿಯುವವ ಇದ್ದಂತೆ ಈಟಿ ಝಳಪಿಸುವವನೂ ಇದ್ದ. ಅವನೇ ಶೇಕ್ಸ್‌ಪಿಯರ್. ‘ಶೇಕ್’ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಬರೀ ಅಲ್ಲಾಡಿಸುವುದೆಂದಷ್ಟೇ ಅರ್ಥವಲ್ಲ. ಆಯುಧವನ್ನು ಎತ್ತಿ ಝಳಪಿಸುವುದು ಎಂದೂ ಅರ್ಥ. ‘ಸ್ಪಿಯರ್’ ಎಂದರೆ ಈಟಿ. ಈ ಹೆಸರನ್ನು ಮೊದಲು ಹೊತ್ತವನು ಯಾರು? ಈಟಿ ಹಿಡಿದ ಕಾಲಾಳು ಇದ್ದಿರಬಹುದು. ಧಣಿಯ ಮುಂದೆ ಈಟಿ ಹಿಡಿದು ದಾರಿ ಬಿಡಿಸುತ್ತಿದ್ದ ಚಾಕರ ಇದ್ದಿರಬಹುದು. ಮಾತು ಮಾತಿಗೆ ಕೈಯೆತ್ತುವ ಜಗಳಗಂಟ ಇದ್ದಿರಬಹುದು. ಸಭ್ಯರ ನಡುವೆ ಬಿಡಿಸಿ ಹೇಳಲಾಗದ ಒಂದು ಪೋಲಿ ಅರ್ಥವೂ ಈ ಹೆಸರಿಗೆ ಇದ್ದಿರಬಹುದೆಂದು ಹೆಸರುಗಳ ನಿಘಂಟು ಮಾಡಿದ ಗಂಭೀರ ವಿದ್ವಾಂಸರೇ ಸೂಚಿಸಿದ್ದಾರೆ. ಮಧ್ಯಯುಗದ ಹಳ್ಳಿಗರ ನಾಲಗೆ ನಮ್ಮ ಹಳ್ಳಿಗರ ನಾಲಗೆಗಿಂತ ಹೆಚ್ಚು ಮಡಿಯಾಗಿತ್ತೆಂದು ತಿಳಿಯಲು ಕಾರಣವಿಲ್ಲ. ಅಂತೂ ಇದು ಯಾವ ರಾಜನೂ ಹೊದಿಸಿದ ಬಿರುದಲ್ಲ. ಊರ ಕಟ್ಟೆಯ ಮೇಲೆ ಹುಟ್ಟಿದ ಹೆಸರು.

ಈ ಹೆಸರಿನ ಅತಿ ಹಳೆಯ ದಾಖಲೆಗಳಲ್ಲಿ ಒಂದು 1248ರದು. ಗ್ಲಾಸ್ಟರ್‌ಷೈರಿನ ಕ್ಲಾಪ್ಟನ್ ಎಂಬ ಹಳ್ಳಿಯ ವಿಲಿಯಂ ಸಾಕ್ಸ್‌ಪೆರ್ ಎಂಬವನು ಅದರಲ್ಲಿ ಬರುತ್ತಾನೆ. ಕವಿಯಾಗಿಯಲ್ಲ, ಕಳ್ಳನಾಗಿ! ಕಳವು ಮಾಡಿದ್ದಕ್ಕಾಗಿ ಅವನನ್ನು ಗಲ್ಲಿಗೇರಿಸಲಾಯಿತು ಎಂಬುದು ಅಲ್ಲಿನ ಒಕ್ಕಣೆ. ಜಗತ್ಪ್ರಸಿದ್ಧವಾಗಲಿದ್ದ ಹೆಸರು ಕಾಗದಕ್ಕೆ ಇಳಿದ ಬಗೆ ಇದು.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ದಾಖಲೆ. ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನಲ್ಲಿ ಹ್ಯೂ ಶೇಕ್ಸ್‌ಪಿಯರ್ ಎಂಬ ಒಬ್ಬ ವಿದ್ವಾಂಸನಿದ್ದ. 1487ರಲ್ಲಿ ಅವನು ತನ್ನ ಹೆಸರನ್ನು ಬಿಟ್ಟು ಸಾಂಡರ್ಸ್ ಎಂದು ಇಟ್ಟುಕೊಂಡ. ಕಾರಣವನ್ನು ಕಾಲೇಜಿನ ದಫ್ತರದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟಿದ್ದಾರೆ: ಹಿಂದಿನ ಆ ಹೆಸರು ಕೀಳೆಂದು ಎಣಿಸಲ್ಪಡುತ್ತಿತ್ತಂತೆ. ನಾನು ಇದನ್ನು ಓದಿದಾಗ ನಮ್ಮ ಉಳ್ಳಾಗಡ್ಡಿ ಮನೆತನದ ಹುಡುಗ ಕಣ್ಣಮುಂದೆ ಬಂದು ನಿಂತ. ಆ ವಿದ್ಯಾಪೀಠದಲ್ಲಿಯೂ ಹಾಜರಿ ಕರೆಯುವಾಗ ಹಿಂದಿನ ಬೆಂಚಿನಿಂದ ಯಾರಾದರೂ ಕಿಸಕ್ಕನೆ ನಕ್ಕಿರಬಹುದೇ? ನಕ್ಕವರನ್ನು ಗದರಿಸದ ಉಪಾಧ್ಯಾಯನೊಬ್ಬ ಅಲ್ಲಿಯೂ ಇದ್ದನೇ? ಹ್ಯೂ ಇನ್ನೊಂದು ನೂರೈದು ವರ್ಷ ತಡೆದಿದ್ದರೆ ಹೆಸರು ಬದಲಿಸುವ ಅಗತ್ಯ ಬೀಳುತ್ತಿರಲಿಲ್ಲ ಎಂದು ತಮಾಷೆಗೆ ಹೇಳಬಹುದು. ಆದರೆ ನೂರೈದು ವರ್ಷ ಕಾಯುವುದು ಯಾರ ಕೈಯಲ್ಲಿ ಸಾಧ್ಯ? ಅವಮಾನ ಇಂದಿನದು, ಕೀರ್ತಿ ಎಂದಿನದೋ.

ಹೆಸರನ್ನು ಬಿಡದೆ ಉಳಿಸಿಕೊಂಡವರೂ ಇದ್ದರು. ಹದಿನಾರನೆಯ ಶತಮಾನದ ಹೊತ್ತಿಗೆ ವಾರಿಕ್‌ಷೈರ್ ಸೀಮೆಯ ಹಳ್ಳಿಗಳಲ್ಲಿ ಶೇಕ್ಸ್‌ಪಿಯರ್ ಮನೆತನಗಳು ಅಲ್ಲೊಂದು ಇಲ್ಲೊಂದು ಹರಡಿದ್ದವು. ರೈತರು, ಕುಶಲಕರ್ಮಿಗಳು, ಒಂದು ಕ್ರೈಸ್ತ ಸನ್ಯಾಸಿನೀಮಠದ ಮುಖ್ಯಸ್ಥೆ ಕೂಡ ಆ ಹೆಸರಿನವರಲ್ಲಿದ್ದರು. ವಿಲಿಯಂ ಎಂಬ ಹೆಸರಿನವರೇ ಒಬ್ಬಿಬ್ಬರಲ್ಲ. 1579ರಲ್ಲಿ ವಾರಿಕ್ ಪಟ್ಟಣದ ಬಳಿ ಏವನ್ ನದಿಯಲ್ಲಿ ಮುಳುಗಿ ಸತ್ತ ಒಬ್ಬನ ಹೆಸರು ವಿಲಿಯಂ ಶೇಕ್ಸ್‌ಪಿಯರ್. ಆಗ ಅದೇ ನದಿಯ ದಡದಲ್ಲಿದ್ದ ಸ್ಟ್ರಾಟ್‌ಫರ್ಡಿನಲ್ಲಿ ಮತ್ತೊಬ್ಬ ವಿಲಿಯಂ ಶೇಕ್ಸ್‌ಪಿಯರ್ ಹದಿನೈದು ವರ್ಷದ ಹುಡುಗ.

ಈ ಎರಡನೆಯ ವಿಲಿಯಮನ ಅಜ್ಜ ರಿಚರ್ಡ್ ಸ್ನಿಟರ್‌ಫೀಲ್ಡ್ ಎಂಬ ಹಳ್ಳಿಯ ಒಕ್ಕಲಿಗ. ತಂದೆ ಜಾನ್ ಸ್ಟ್ರಾಟ್‌ಫರ್ಡಿಗೆ ಬಂದು ಚರ್ಮದ ಕೈಚೀಲಗಳನ್ನು, ಅಂದರೆ ಕೈಗವಸುಗಳನ್ನು, ಹೊಲಿಯುವ ಕಸುಬು ಹಿಡಿದ. 1568ರಲ್ಲಿ ಊರಿನ ಆಡಳಿತದ ಮುಖ್ಯಸ್ಥನೂ ಆದ. ಅಜ್ಜನ ಹೆಸರನ್ನು ಹಳ್ಳಿಯ ಗುಮಾಸ್ತ ಒಮ್ಮೆ ‘ಶೇಕ್‌ಸ್ಟಾಫ್’ ಎಂದು ಬರೆದಿಟ್ಟಿದ್ದಾನೆ. ಈಟಿಯಾದರೇನು, ಕೋಲಾದರೇನು, ಝಳಪಿಸುವವ ತಾನೇ ಎಂದು ಅವನ ಭಾವನೆ ಇರಬೇಕು. ಹೆಸರಿನ ಅರ್ಥ ಆಗಿನವರ ಕಿವಿಗೆ ಇನ್ನೂ ಜೀವಂತವಾಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ತಂದೆ ಜಾನ್ ದಾಖಲೆಗಳ ಮೇಲೆ ಹೆಸರು ಬರೆಯುತ್ತಿರಲಿಲ್ಲ. ಒಂದು ಗುರುತನ್ನಷ್ಟೇ ಹಾಕುತ್ತಿದ್ದ.

ಇನ್ನು ಕಾಗುಣಿತದ ಮಾತು. ಆ ಕಾಲದ ಇಂಗ್ಲಿಷಿನಲ್ಲಿ ಹೆಸರಿಗೆ ಖಚಿತವಾದ ಕಾಗುಣಿತವೆಂಬುದು ಇರಲಿಲ್ಲ. ಬರೆಯುವವನ ಕಿವಿಗೆ ಕೇಳಿದಂತೆ ಬರವಣಿಗೆ. 1582ರ ನವೆಂಬರ್ 27ರಂದು ವೂಸ್ಟರಿನಲ್ಲಿ ಕವಿಯ ಮದುವೆಯ ಪರವಾನಗಿಯನ್ನು ಬರೆದ ಗುಮಾಸ್ತ ‘ಶ್ಯಾಕ್ಸ್‌ಪೆರ್’ ಎಂದು ಬರೆದ. ಮರುದಿನ ಬರೆದ ಮುಚ್ಚಳಿಕೆಯಲ್ಲಿ ಅದು ‘ಶ್ಯಾಗ್‌ಸ್ಪೆರ್’ ಆಯಿತು. 1604ರ ಕ್ರಿಸ್‌ಮಸ್ ಕಾಲದಲ್ಲಿ ಅರಮನೆಯಲ್ಲಿ ಅವನ ನಾಟಕಗಳು ನಡೆದಾಗ ಲೆಕ್ಕಪತ್ರದಲ್ಲಿ ಕವಿಯ ಹೆಸರು ‘ಶ್ಯಾಕ್ಸ್‌ಬರ್ಡ್’. ಸ್ವತಃ ಕವಿಯದೆಂದು ಸಾಮಾನ್ಯವಾಗಿ ಒಪ್ಪಿದ ಸಹಿಗಳು ಉಳಿದಿರುವುದು ಆರೇ: 1612ರ ಒಂದು ಸಾಕ್ಷ್ಯದ ಹೇಳಿಕೆಯ ಮೇಲೆ ಒಂದು, 1613ರ ಮನೆ ಖರೀದಿಯ ಪತ್ರಗಳ ಮೇಲೆ ಎರಡು, 1616ರ ಉಯಿಲಿನ ಮೇಲೆ ಮೂರು. ಇವು ಒಂದಿದ್ದಂತೆ ಇನ್ನೊಂದಿಲ್ಲ. ಇಂದು ನಾವು ಬರೆಯುವ ರೂಪವನ್ನು ಅವನಿಗೆ ಕೊಟ್ಟವರು ಮುಖ್ಯವಾಗಿ ಮುದ್ರಕರು. 1593ರಲ್ಲಿ ಅಚ್ಚಾದ ‘ವೀನಸ್ ಅಂಡ್ ಅಡೋನಿಸ್’ ಕಾವ್ಯದ ಅರ್ಪಣೆಯ ಕೆಳಗೆ ಆ ರೂಪ ಮೊದಲು ಕಾಣಿಸಿಕೊಂಡಿತು. ಅದೂ ಗಟ್ಟಿಯಾಗಿ ನೆಲೆಗೊಳ್ಳಲು ಮುನ್ನೂರು ವರ್ಷ ಹಿಡಿಯಿತು. 1873ರಲ್ಲಿ ಫರ್ನಿವಲ್ ಲಂಡನ್ನಿನಲ್ಲಿ ಕಟ್ಟಿದ ಶೇಕ್ಸ್‌ಪಿಯರ್ ಸಂಘ ಬೇರೊಂದು ಕಾಗುಣಿತವನ್ನೇ ಹಿಡಿಯಿತು; ಬರ್ನಾರ್ಡ್ ಷಾ ಕೊನೆಯ ಅಕ್ಷರವನ್ನು ಉಪಯೋಗವಿಲ್ಲದ್ದೆಂದು ಕಿತ್ತುಹಾಕುತ್ತಿದ್ದ. ಕನ್ನಡದಲ್ಲಿ ನಾವು ಮೊದಲಕ್ಷರಕ್ಕೆ ಶಕಾರವೋ ಷಕಾರವೋ, ‘ಪಿಯರ್’ ಎಂದೋ ‘ಪೀಯರ್’ ಎಂದೋ ಇನ್ನೂ ಪೂರ್ತಿ ನಿಶ್ಚಯಿಸಿಕೊಂಡಿಲ್ಲ. ಅದಕ್ಕಾಗಿ ನಾಚಬೇಕಾದ್ದಿಲ್ಲ, ಕವಿಯೇ ನಿಶ್ಚಯಿಸಿರಲಿಲ್ಲ.

ಹೆಸರಿನಲ್ಲಿ ಅಡಗಿದ್ದ ಈಟಿಯನ್ನು ಕಂಡು ಚೇಷ್ಟೆ ಮಾಡುವವರು ಕವಿಯ ಕಾಲದಲ್ಲಿಯೂ ಇದ್ದರು. 1592ರಲ್ಲಿ ರಾಬರ್ಟ್ ಗ್ರೀನನ ಹೆಸರಿನಲ್ಲಿ ಬಂದ ಕಿರುಹೊತ್ತಗೆಯೊಂದು, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದೆ ನಾಟಕ ಬರೆಯಹೊರಟ ಈ ನಟನನ್ನು ‘ಶೇಕ್‌ಸೀನ್’, ಅಂದರೆ ರಂಗವನ್ನೇ ಅಲ್ಲಾಡಿಸುವವ, ಎಂದು ಹಂಗಿಸಿತು. ಮರ್ಟನ್ ಕಾಲೇಜಿನ ಹ್ಯೂ ಇಂಥ ನಗೆಗೆ ಹೆದರಿ ಹೆಸರನ್ನು ಬಿಟ್ಟಿದ್ದ. ಇವನು ಬಿಡಲಿಲ್ಲ. ಬಿಡದಿದ್ದುದು ಮಾತ್ರವಲ್ಲ, ಆ ಹೆಸರಿಗೆ ಮರ್ಯಾದೆಯ ಮುದ್ರೆ ಒತ್ತಿಸಲು ಹೊರಟ.

ಇಂಗ್ಲೆಂಡಿನಲ್ಲಿ ಕುಲಲಾಂಛನ ಪಡೆದವನು ಗೌರವಸ್ಥ. ಪಡೆಯದವನು ಬರೀ ಮನುಷ್ಯ. ತಂದೆ ಜಾನ್ ಹಿಂದೊಮ್ಮೆ ಲಾಂಛನಕ್ಕಾಗಿ ಪ್ರಯತ್ನಿಸಿ ಕೈಬಿಟ್ಟಿದ್ದ. ಅವನ ಹೆಸರಿನಲ್ಲಿಯೇ ಆ ಅರ್ಜಿ ಮತ್ತೆ ಎದ್ದಿತು. ಲಂಡನ್ನಿನಲ್ಲಿ ಸಂಪಾದಿಸುತ್ತಿದ್ದ ಮಗನೇ ಇದರ ಹಿಂದೆ ಇದ್ದನೆಂದು ಚರಿತ್ರಕಾರರು ತಿಳಿಯುತ್ತಾರೆ. 1596ರ ಅಕ್ಟೋಬರ್ 20ರಂದು ಲಾಂಛನ ಮಂಜೂರಾಯಿತು. ಚಿನ್ನದ ಬಣ್ಣದ ಗುರಾಣಿ, ಅದರ ಮೇಲೆ ಓರೆಯಾದ ಕಪ್ಪು ಪಟ್ಟಿ, ಪಟ್ಟಿಯ ಮೇಲೆ ಬೆಳ್ಳಿಯ ಮೊನೆಯ ಈಟಿ. ಮೇಲುಗಡೆ ರೆಕ್ಕೆ ಬಿಚ್ಚಿದ ಗಿಡುಗ, ಅದರ ಕಾಲಲ್ಲಿಯೂ ಒಂದು ಈಟಿ. ಜೊತೆಗೆ ಫ್ರೆಂಚಿನಲ್ಲಿ ಮೂರು ಮಾತು: ಹಕ್ಕಿಲ್ಲದೆ ಅಲ್ಲ ಎಂಬರ್ಥದ್ದು. ಊರಿನವರ ಗೇಲಿಯಲ್ಲಿ ಹುಟ್ಟಿದ ಈಟಿ ಈಗ ಚಿನ್ನದ ಗುರಾಣಿಯ ಮೇಲೆ ಏರಿ ಕುಳಿತಿತು. ಇದನ್ನು ಸಹಿಸದವರೂ ಇದ್ದರು. 1602ರಲ್ಲಿ ಲಾಂಛನ ಇಲಾಖೆಯ ಒಬ್ಬ ಅಧಿಕಾರಿ ರಾಲ್ಫ್ ಬ್ರೂಕ್, ಯೋಗ್ಯತೆಯಿಲ್ಲದವರಿಗೆಲ್ಲ ಲಾಂಛನ ಹಂಚಲಾಗಿದೆ ಎಂದು ಆಕ್ಷೇಪ ಎತ್ತಿದ. ಅವನ ಪಟ್ಟಿಯಲ್ಲಿ ಶೇಕ್ಸ್‌ಪಿಯರ್ ಎಂಬ ಆಟದವನೂ ಇದ್ದ.

ಲಾಂಛನವೆಂಬುದು ಒಬ್ಬನ ಮೈಮೇಲಿನ ಒಡವೆಯಲ್ಲ. ಅದು ಗಂಡುಮಕ್ಕಳಿಗೆ, ಅವರ ಗಂಡುಮಕ್ಕಳಿಗೆ ಇಳಿಯತಕ್ಕ ಆಸ್ತಿ. ಕವಿಗೆ ಇದ್ದವನು ಒಬ್ಬನೇ ಮಗ, ಹ್ಯಾಮ್ನೆಟ್. ಅದೇ 1596ರ ಆಗಸ್ಟ್ 11ರಂದು ಹನ್ನೊಂದು ವರ್ಷದ ಆ ಹುಡುಗನನ್ನು ಸ್ಟ್ರಾಟ್‌ಫರ್ಡಿನಲ್ಲಿ ಮಣ್ಣು ಮಾಡಿದರು. ಲಾಂಛನ ಬಂದದ್ದು ಅದಾದ ಹತ್ತು ವಾರಕ್ಕೆ. ಮನೆಗೆ ಈಟಿ ಬಂತು. ಅದನ್ನು ಹಿಡಿಯಬೇಕಾದ ಕೈ ಇರಲಿಲ್ಲ. ಈ ಎರಡು ತಾರೀಖುಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ಓದಿದಾಗಲೆಲ್ಲ ನನಗೆ ಮುಂದಿನ ಪುಟ ತಿರುವುವುದು ಕಷ್ಟವಾಗುತ್ತದೆ.

ಮುಂದಿನದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ತಮ್ಮಂದಿರು ಮೂವರೂ ಅಣ್ಣನಿಗಿಂತ ಮೊದಲೇ ತೀರಿಕೊಂಡರು. ಹೆಸರನ್ನು ಮುಂದಕ್ಕೆ ಒಯ್ಯುವ ಮಕ್ಕಳು ಅವರಲ್ಲಿ ಯಾರಿಗೂ ಉಳಿಯಲಿಲ್ಲ. ಕವಿಗೆ ಉಳಿದವರು ಸುಸಾನಾ, ಜೂಡಿತ್ ಎಂಬ ಇಬ್ಬರು ಹೆಣ್ಣುಮಕ್ಕಳು. ಅವನ ಉಯಿಲನ್ನು ಓದಿದರೆ, ಆಸ್ತಿಯೆಲ್ಲ ಹಿರಿಮಗಳ ಹೊಟ್ಟೆಯಲ್ಲಿ ಹುಟ್ಟುವ ಮೊದಲ ಮಗನಿಗೆ, ಅವನಿಲ್ಲದಿದ್ದರೆ ಎರಡನೆಯವನಿಗೆ, ಮೂರನೆಯವನಿಗೆ, ಹೀಗೆ ಏಳನೆಯ ಮಗನವರೆಗೆ ಎಣಿಸಿ ಬರೆಸಿದ್ದಾನೆ. ಅವಳಿಗೆ ಒಬ್ಬ ಮಗನೂ ಹುಟ್ಟಲಿಲ್ಲ. ಕಿರಿಮಗಳು ಜೂಡಿತ್ ಹ್ಯಾಮ್ನೆಟನ ಅವಳಿ ಸೋದರಿ. 1616ರ ಏಪ್ರಿಲಿನಲ್ಲಿ ತಂದೆ ತೀರಿಕೊಂಡ. ಅದೇ ವರ್ಷ ನವೆಂಬರಿನಲ್ಲಿ ಅವಳಿಗೆ ಗಂಡುಮಗು ಹುಟ್ಟಿತು. ಗಂಡನ ಮನೆತನ ಕ್ವೈನಿ. ತಂದೆಯ ಮನೆತನದ ಹೆಸರನ್ನು ಮಗುವಿಗೆ ಕೊಡಲು ಅವಳಿಗೆ ದಾರಿಯಿರಲಿಲ್ಲ. ಆದ್ದರಿಂದ ಅದನ್ನೇ ಮಗುವಿನ ಸ್ವಂತ ಹೆಸರಾಗಿ ಇಟ್ಟರು: ಶೇಕ್ಸ್‌ಪಿಯರ್ ಕ್ವೈನಿ. ಮಗು ಬದುಕಿದ್ದು ಆರು ತಿಂಗಳು. 1617ರ ಮೇ ತಿಂಗಳಲ್ಲಿ ಆ ಹೆಸರನ್ನು ಚರ್ಚಿನವರು ಮರಣದ ಪುಸ್ತಕದಲ್ಲಿ ಬರೆದುಕೊಂಡರು. ಅವಳ ಇನ್ನಿಬ್ಬರು ಗಂಡುಮಕ್ಕಳು 1639ರಲ್ಲಿ, ಇಪ್ಪತ್ತರ ಆಸುಪಾಸಿನ ಪ್ರಾಯದಲ್ಲಿ, ತೀರಿಹೋದರು. ಸುಸಾನಾಳ ಏಕಮಾತ್ರ ಪುತ್ರಿ ಎಲಿಜಬೆತ್ ಮಕ್ಕಳಿಲ್ಲದೆ 1670ರಲ್ಲಿ ಸತ್ತಳು. ಅಲ್ಲಿಗೆ ಕವಿಯ ರಕ್ತದ ಎಳೆ ಮುಗಿಯಿತು. ತಂಗಿ ಜೋನಳ ಸಂತತಿ ಮಾತ್ರ ಬೆಳೆಯಿತು. ಆದರೆ ಅವರು ಹಾರ್ಟ್ ಮನೆತನದವರು.

ಹಾಗಾದರೆ ಇಂದು ಭೂಮಿಯ ಮೇಲೆ ಶೇಕ್ಸ್‌ಪಿಯರ್ ಎಂಬ ಹೆಸರಿನವರು ಇಲ್ಲವೇ? ಇದ್ದಾರೆ. ಸ್ಮಿತ್‌ರಂತೆ ಬೀದಿಬೀದಿಗೆ ಸಿಕ್ಕುವವರಲ್ಲ, ಅಪರೂಪದವರು. ಅವರ ಬೇರು ಹೆಚ್ಚಾಗಿ ಇರುವುದು ಇಂದಿಗೂ ವಾರಿಕ್‌ಷೈರ್, ವೂಸ್ಟರ್‌ಷೈರ್, ಸ್ಟಾಫರ್ಡ್‌ಷೈರ್, ಬರ್ಮಿಂಗ್‌ಹ್ಯಾಮ್‌ಗಳ ಸುತ್ತಮುತ್ತಲಿನ ನಡುನಾಡಿನಲ್ಲಿಯೇ. ಅವರಲ್ಲಿ ಚಿತ್ರಕಾರರಿದ್ದಾರೆ, ರಾಜಕಾರಣಿಗಳಿದ್ದಾರೆ. ಕಾಲ್ಚೆಂಡಿನ ತರಬೇತುದಾರ ಕ್ರೇಗ್ ಶೇಕ್ಸ್‌ಪಿಯರ್ 2024ರಲ್ಲಿ ನಿಧನನಾದ. 2021ರಲ್ಲಿ ತೀರಿಕೊಂಡ ಜಮೈಕಾದ ಹೆಸರಾಂತ ಸಂಗೀತಗಾರ ರಾಬಿ ಶೇಕ್ಸ್‌ಪಿಯರನನ್ನು ನೆನೆದರೆ, ಈ ಹೆಸರು ಸಮುದ್ರ ದಾಟಿ ಕರಿಯ ಜನರ ನಡುವೆಯೂ ನೆಲೆಸಿದ್ದು ತಿಳಿಯುತ್ತದೆ. ಇವರಲ್ಲಿ ಯಾರೂ ಕವಿಯ ನೇರ ವಂಶದವರಲ್ಲ. ಇರಲು ಸಾಧ್ಯವೂ ಇಲ್ಲ.

ಭಾರತಕ್ಕೂ ಈ ಹೆಸರಿಗೂ ನಂಟುಂಟು. ಲೆಸ್ಟರ್‌ಷೈರಿನ ಒಬ್ಬ ಸಣ್ಣ ರೈತನ ಮಗ ಜಾನ್ ಶೇಕ್ಸ್‌ಪಿಯರ್, 1774ರಲ್ಲಿ ಹುಟ್ಟಿದವನು, ಈಸ್ಟ್ ಇಂಡಿಯಾ ಕಂಪನಿಯ ಅಡಿಸ್ಕೂಂಬ್ ಸೈನಿಕ ವಿದ್ಯಾಲಯದಲ್ಲಿ ಹಿಂದೂಸ್ತಾನಿ ಕಲಿಸುತ್ತಿದ್ದ. ಅವನ ಹಿಂದೂಸ್ತಾನಿ ವ್ಯಾಕರಣ 1813ರಲ್ಲಿ, ನಿಘಂಟು 1817ರಲ್ಲಿ ಪ್ರಕಟವಾದವು. ಭಾರತಕ್ಕೆ ಹೊರಟ ಎಷ್ಟೋ ತರುಣ ಅಧಿಕಾರಿಗಳು ನಾಟಕಕಾರ ಶೇಕ್ಸ್‌ಪಿಯರನಿಗಿಂತ ಈ ವೈಯಾಕರಣ ಶೇಕ್ಸ್‌ಪಿಯರನನ್ನು ಹೆಚ್ಚು ಶ್ರದ್ಧೆಯಿಂದ ಓದಿರಬೇಕು. ಹಿತಮಿತವಾಗಿ ಬದುಕಿ ಹಣ ಕೂಡಿಟ್ಟಿದ್ದ ಈತ, 1856ರಲ್ಲಿ ಸ್ಟ್ರಾಟ್‌ಫರ್ಡಿನ ಕವಿಯ ಜನ್ಮಗೃಹವನ್ನು ಕಾಪಾಡಲೆಂದು 2,500 ಪೌಂಡು ದಾನ ಕೊಟ್ಟ. ರಕ್ತಸಂಬಂಧವಿದ್ದೀತೋ ಇಲ್ಲವೋ, ಹೆಸರಿನ ಸಾಲವನ್ನು ಹೀಗೆ ತೀರಿಸಿದ.

ಇನ್ನೊಂದು ನಂಟು ನಮ್ಮ ನೆಲಕ್ಕೇ ಬಂದು ಮುಟ್ಟುತ್ತದೆ. ಕಂಪನಿಯ ಸೇವೆಯಲ್ಲಿದ್ದ ಜಾನ್ ಟಾಲ್ಬಟ್ ಶೇಕ್ಸ್‌ಪಿಯರ್ ಎಂಬಾತ ಥ್ಯಾಕರೆ ಮನೆತನದ ಎಮಿಲಿಯನ್ನು ಮದುವೆಯಾದ. ಕಲ್ಕತ್ತೆಯಲ್ಲಿ ಹುಟ್ಟಿದ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ ಎಮಿಲಿಯ ಸೋದರನ ಮಗ. ಅವಳ ಮಗ ರಿಚ್‌ಮಂಡ್ ಶೇಕ್ಸ್‌ಪಿಯರ್ ಮತ್ತು ಈ ಥ್ಯಾಕರೆ ಬಾಲ್ಯದಲ್ಲಿ ಒಂದೇ ಹಡಗಿನಲ್ಲಿ ಇಂಗ್ಲೆಂಡಿಗೆ ಹೋದವರು. ರಾಜಿ ಮಾಡಿಸುವವನೂ ಈಟಿ ಝಳಪಿಸುವವನೂ ಒಂದೇ ಹಡಗಿನಲ್ಲಿ! ಈ ರಿಚ್‌ಮಂಡ್ 1840ರಲ್ಲಿ ಮಧ್ಯ ಏಷ್ಯದ ಖೀವಾಕ್ಕೆ ಹೋಗಿ, ಅಲ್ಲಿ ಗುಲಾಮರಾಗಿದ್ದ ನಾನೂರಕ್ಕೂ ಹೆಚ್ಚು ಮಂದಿ ರಷ್ಯನ್ನರನ್ನು, ಈಟಿ ಎತ್ತದೆ, ಬರೀ ಮಾತಿನಿಂದ ಬಿಡಿಸಿ ತಂದ. ಎಮಿಲಿಗೆ ಇನ್ನೊಬ್ಬ ತಮ್ಮನಿದ್ದ: ಸೇಂಟ್ ಜಾನ್ ಥ್ಯಾಕರೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ರಾಣಿ ಚೆನ್ನಮ್ಮನ ಪಡೆಗೆ ಬಲಿಯಾದ ಧಾರವಾಡದ ಕಲೆಕ್ಟರ್ ಅವನೇ. ನಮ್ಮ ಲಾವಣಿಕಾರರು ಹಾಡಿದ ಥ್ಯಾಕರೆ ಸಾಹೇಬ ಒಬ್ಬ ಶೇಕ್ಸ್‌ಪಿಯರನ ಸೋದರಮಾವ ಎಂಬುದನ್ನು ಶಾಲೆಯ ಚರಿತ್ರೆಯ ಪುಸ್ತಕ ನಮಗೆ ಹೇಳಿರಲಿಲ್ಲ.

ಇವೆಲ್ಲ ರಕ್ತದಿಂದಲೋ ಮದುವೆಯಿಂದಲೋ ಬಂದ ನಂಟುಗಳು. ಕವಿಯ ಹೆಸರು ನಮ್ಮವರೆಗೆ ಬಂದ ದಾರಿ ಇದಲ್ಲ. ಮಗನ ಮೂಲಕ, ಲಾಂಛನದ ಮೂಲಕ, ಏಳು ಮಂದಿ ಮೊಮ್ಮಕ್ಕಳ ಕನಸಿನ ಉಯಿಲಿನ ಮೂಲಕ ಅವನು ಹೆಸರನ್ನು ಉಳಿಸಲು ನೋಡಿದ, ಮೂರೂ ಕೈಕೊಟ್ಟವು. ತನ್ನ ನಾಟಕಗಳನ್ನು ಕೂಡಿಸಿ ಅಚ್ಚು ಹಾಕಿಸುವ ಗೋಜಿಗೆ ಮಾತ್ರ ಅವನು ಹೋದಂತಿಲ್ಲ. ಅವನು ಸತ್ತ ಏಳು ವರ್ಷಕ್ಕೆ, 1623ರಲ್ಲಿ, ಹೆಮಿಂಗ್ಸ್ ಮತ್ತು ಕಾಂಡೆಲ್ ಎಂಬ ಇಬ್ಬರು ಜೊತೆನಟರು 36 ನಾಟಕಗಳನ್ನು ಒಟ್ಟುಮಾಡಿ ದೊಡ್ಡ ಹೊತ್ತಗೆಯಾಗಿ ಹೊರತಂದರು. ಅವುಗಳಲ್ಲಿ ಅರ್ಧದಷ್ಟು ಅದುವರೆಗೆ ಅಚ್ಚನ್ನೇ ಕಂಡಿರಲಿಲ್ಲ. ‘ಮ್ಯಾಕ್‌ಬೆತ್’ ಅಂಥವುಗಳಲ್ಲಿ ಒಂದು. ಆ ಗೆಳೆಯರಿಬ್ಬರು ಕೈಹಾಕದಿದ್ದರೆ ನಾನು ತರಗತಿಯಲ್ಲಿ ಹೇಳಲು ಪಾಠವೇ ಇರುತ್ತಿರಲಿಲ್ಲ, ಆ ಹುಡುಗನಿಗೆ ಕೇಳಲು ಪ್ರಶ್ನೆಯೂ ಇರುತ್ತಿರಲಿಲ್ಲ.

ನಮ್ಮ ಹಿರಿಯರು ಆ ನಾಟಕಗಳನ್ನು ಕನ್ನಡಕ್ಕೆ ತಂದ ರೀತಿಯೂ ಇಲ್ಲಿ ನೆನೆಯತಕ್ಕದ್ದು. ಬಸವಪ್ಪ ಶಾಸ್ತ್ರಿಗಳ ಕೈಯಲ್ಲಿ ಒಥೆಲೊ ಶೂರಸೇನನಾದ, ಶ್ರೀಕಂಠೇಶಗೌಡರ ಕೈಯಲ್ಲಿ ಮ್ಯಾಕ್‌ಬೆತ್ ಪ್ರತಾಪರುದ್ರದೇವನಾದ, ಎಂ. ಎಸ್. ಪುಟ್ಟಣ್ಣನವರ ಕೈಯಲ್ಲಿ ಲಿಯರ್ ಹೇಮಚಂದ್ರರಾಜನಾದ. ಕುವೆಂಪು ಅವರು ‘ಹ್ಯಾಮ್ಲೆಟ್’ ನಾಟಕವನ್ನು ‘ರಕ್ತಾಕ್ಷಿ’ಯಾಗಿ ಹೊಸದಾಗಿ ಕಟ್ಟಿದರು. ಪಾತ್ರಗಳ ಹೆಸರೆಲ್ಲ ಕಳಚಿಬಿದ್ದವು. ಅವುಗಳ ಸಂಕಟ ಮಾತ್ರ ಎದೆಯಿಂದ ಎದೆಗೆ ದಾಟಿತು. ಹೆಸರಿನ ಬಗ್ಗೆ ಅವನ ಒಂದು ನಾಟಕದ ನಾಯಕಿ ಆಡುವ ಪ್ರಸಿದ್ಧವಾದ ಮಾತೊಂದಿದೆ. ಎಲ್ಲರೂ ಅದನ್ನು ಉದ್ಧರಿಸುತ್ತಾರಾದ್ದರಿಂದ ನಾನು ಉದ್ಧರಿಸುವುದಿಲ್ಲ. ಹೆಸರಿನಲ್ಲಿ ಏನೂ ಇಲ್ಲವೆಂಬ ಆ ತರುಣಿ, ಹೆಸರಿನ ಕಾರಣದಿಂದಲೇ ಪ್ರಾಣ ಕಳೆದುಕೊಳ್ಳುತ್ತಾಳೆ ಎಂಬುದನ್ನಷ್ಟೇ ನೆನಪಿಸುತ್ತೇನೆ. ಹೆಸರಿಗೆ ಅರ್ಥ ಏನಪ್ಪಾ ಎಂದು ನಾನು ಅಂದು ಅಂದದ್ದು ತಪ್ಪು. ಹೆಸರಿಗೆ ಅರ್ಥ ಇದೆ, ಅದು ಚುಚ್ಚುತ್ತದೆ. ಚುಚ್ಚಿಸಿಕೊಂಡವನಿಗೆ ಗೊತ್ತು.

ಸ್ಟ್ರಾಟ್‌ಫರ್ಡಿನ ಹೋಲಿ ಟ್ರಿನಿಟಿ ಚರ್ಚಿನ ಒಳಗೆ ಕವಿಯ ಸಮಾಧಿ ಇದೆ. ಪಕ್ಕದ ಗೋಡೆಯ ಮೇಲೆ ಅವನ ಎದೆಮಟ್ಟದ ಪ್ರತಿಮೆ, ಅದರ ಕೆಳಗೆ ಹೆಸರು, ಮೇಲುಗಡೆ ಈಟಿಯ ಲಾಂಛನ ಎಲ್ಲವೂ ಇವೆ. ಆದರೆ ಅವನನ್ನು ಮುಚ್ಚಿರುವ ನೆಲದ ಕಲ್ಲಿನ ಮೇಲೆ ಇರುವುದು ನಾಲ್ಕು ಸಾಲು ಮಾತ್ರ: ತನ್ನ ಮೂಳೆಗಳನ್ನು ಕದಲಿಸಬೇಡಿ ಎಂಬ ಬೇಡಿಕೆ, ಕದಲಿಸಿದವರಿಗೆ ಶಾಪ. ಆ ಕಲ್ಲಿನ ಮೇಲೆ ಹೆಸರಿಲ್ಲ.

ಆ ನನ್ನ ವಿದ್ಯಾರ್ಥಿ ಈಗ ಎಲ್ಲಿದ್ದಾನೋ ತಿಳಿಯದು. ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ಹೊಡೆದುಹಾಕಿ ಹೊಸದನ್ನು ಬರೆದವನು ನಾನೇ. ಕೇಳುತ್ತಿದ್ದರೆ ಕೇಳಿಸಿಕೊಳ್ಳಲಿ: ಶೇಕ್ಸ್‌ಪಿಯರ್ ಅಂದರೆ ಈಟಿ ಝಳಪಿಸುವವ ಎಂದು ಅರ್ಥ, ತಮ್ಮಾ. ಅದನ್ನು ಕೇಳಿ ಜನ ನಗುತ್ತಿದ್ದರು. ಆಕ್ಸ್‌ಫರ್ಡಿನ ಒಬ್ಬ ಪಂಡಿತ ಅದಕ್ಕೆ ನಾಚಿ ಅದನ್ನು ಬಿಟ್ಟುಕೊಟ್ಟ. ಅವನು ಮಾಡಿದ್ದು ತಪ್ಪಲ್ಲ. ನೀನು ಮಾಡಿದ್ದೂ ತಪ್ಪಲ್ಲ. ತಪ್ಪು ನಕ್ಕವರದು.